ರೋಜಾಬಾಯಿಯ ಮೊದಲ ತುತ್ತು

೨೦೦೪ರ ಬೇಸಿಗೆಯಲ್ಲಿ ನಾನು ದಾಂಡೇಲಿಯ ಒಂದು ಕಾರ್ಖಾನೆಯಲ್ಲಿ ವೆಲ್‌ಫೇರ್ ಆಫೀಸರ್ ಆಗಿದ್ದೆ. ಕಾರ್ಮಿಕರ ವಸತಿ, ಆಸ್ಪತ್ರೆಯ ಚೀಟಿ, ಗಂಡ-ಹೆಂಡಿರ ಜಗಳ ಎಲ್ಲವೂ ನನ್ನ ಮೇಜಿಗೇ ಬರುತ್ತಿದ್ದವು. ಕ್ಯಾಂಟೀನೂ ನನ್ನದೇ. ಅಲ್ಲಿ ದಿನವೂ ಎರಡು ದೊಡ್ಡ ಡಬರಿ ಅನ್ನ ಉಳಿದು ಚರಂಡಿ ಸೇರುವುದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು.

ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಬಿತ್ತು. ರಜೆಯೆಂದರೆ ಬಿಸಿಯೂಟವೂ ಬಂದ್. ಸಾಂಬ್ರಾಣಿ ಎಂಬ ಊರಿನ ಆಚೆ, ಕೂಲಿಗೆ ಹೋಗುವ ಸಿದ್ದಿ ಕುಟುಂಬಗಳ ಸಣ್ಣ ಕೇರಿಯೊಂದರಲ್ಲಿ ಮಕ್ಕಳು ಮಧ್ಯಾಹ್ನ ಹಸಿದೇ ಇರುತ್ತಾರೆಂದು ಅಲ್ಲಿಯ ಮಾಸ್ತರರು ಹೇಳಿದರು. ಕಾರ್ಖಾನೆ ಜೀಪು ಕೊಟ್ಟಿತು, ಸಿಬ್ಬಂದಿ ಸರದಿಯ ಮೇಲೆ ಸ್ವಯಂಸೇವಕರಾದರು. ಚರಂಡಿಗೆ ಹೋಗುವ ಅನ್ನ ಹಸಿದ ಬಾಯಿಗೆ! ಮ್ಯಾನೇಜರು ಬೆನ್ನು ತಟ್ಟಿದರು. ನಾನೂ ಉಬ್ಬಿದ್ದೆ, ಸುಳ್ಳೇಕೆ ಹೇಳಲಿ.

ಮೂರನೆಯ ವಾರ ನಮ್ಮ ಲ್ಯಾಬಿನ ಕೆಮಿಸ್ಟ್ ಸುನಂದಾ ದೂರು ತಂದಳು.

"ಸರ್, ಅಲ್ಲಿ ರೋಜಾಬಾಯಿ ಅಂತ ಒಬ್ಬಾಕಿ ವಯಸ್ಸಾದ ಆಯಿ ಅದಾಳ್ರಿ. ಹುಡುಗರನ್ನ ಸಾಲಾಗಿ ಕೂಡಿಸಿ ತಾನ ಮೊದಲ ಉಣತಾಳ. ಆಮ್ಯಾಲ ತಾಸೊತ್ತು ಅವನ್ನ ಕಾಯಸ್ತಾಳ."

ನನಗೆ ಸಿಟ್ಟು ನೆತ್ತಿಗೇರಿತು. ಮರುದಿನ ಅವಳ ಜೊತೆ ನಾನೇ ಜೀಪು ಹತ್ತಿದೆ. ಮೂರೂವರೆಗೆ ತಲುಪಿದೆವು. ರೋಜಾಬಾಯಿ ಸಾವಕಾಶವಾಗಿ ಬಡಿಸಿಕೊಂಡು ಉಂಡು, ಕೈ ತೊಳೆದು, ಕಂಬಕ್ಕೊರಗಿ ಕೂತಳು. ಮಕ್ಕಳು ಖಾಲಿ ತಟ್ಟೆ ಹಿಡಿದು ಆಕೆಯ ಮುಖವನ್ನೇ ನೋಡುತ್ತಿದ್ದವು. ತಡೆಯಲಾರದೆ ನಾನು ಸೌಟು ಎತ್ತಿಕೊಂಡೆ. ಆಕೆ ದಡಕ್ಕನೆ ಎದ್ದು ಡಬರಿಗೆ ಕೈ ಅಡ್ಡ ಇಟ್ಟಳು.

"ಬ್ಯಾಡ್ರಿ ಸಾಹೇಬ್ರ. ಇನ್ನೂ ತಾಸಾಗಿಲ್ಲ."

ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡುವವರಿವರು ಎಂದುಕೊಂಡು, "ಎಂಥಾ ತಾಸು?" ಎಂದು ಗದರಿದೆ.

"ನನ್ನ ಹೊಟ್ಟಿ ತಡೀತೈತೋ ಇಲ್ಲೋ ನೋಡಬೇಕಲ್ರಿ. ಹ್ವಾದ ವಾರ ಎರಡು ದಿನ, ನಿಮ್ಮ ಜೀಪ್ ಹ್ವಾದ ಮ್ಯಾಲ, ವಾಂತಿ ಆತು. ಆ ಎರಡೂ ದಿನ ಹುಡುಗ್ರಿಗೆ ಹಾಕಲಿಲ್ಲ. ಒಯ್ದು ಚೆಲ್ಲಿದೆ."

ನನ್ನ ಕೈಯ ಸೌಟು ಅಲ್ಲೇ ನಿಂತಿತು. ಮೇಲಿನ ಅನ್ನ ಬಾಯಿಗಿಟ್ಟರೆ ಏನೂ ಗೊತ್ತಾಗಲಿಲ್ಲ. ತಳ ಕೆದಕಿದರೆ ಅಂಟಂಟು, ಹುಳಿ ವಾಸನೆ. ಸುನಂದಾಳ ಮುಖ ಬಿಳಿಚಿತು. ದಿನವಿಡೀ ಸ್ಯಾಂಪಲ್ ಪರೀಕ್ಷಿಸುವ ಅವಳಾಗಲಿ, ಕ್ಯಾಂಟೀನ್ ನಡೆಸುವ ನಾನಾಗಲಿ ಆ ಊಟವನ್ನು ಅಲ್ಲಿ ಒಮ್ಮೆಯೂ ಉಂಡಿರಲಿಲ್ಲ. ಸ್ವಯಂಸೇವಕರೆಲ್ಲ ಕಾರ್ಖಾನೆಯಲ್ಲೇ ಮೊದಲು ಉಂಡು ಹೊರಡುತ್ತಿದ್ದರು.

"ಆಯಿ, ನಮಗ್ಯಾಕ ಹೇಳಲಿಲ್ಲ?" ಸುನಂದಾ ಕೇಳಿದಳು.

"ಹೇಳಿದ್ರ ಜೀಪ್ ನಿಲ್ಲಸ್ತಿದ್ರಿ. ವಾರದಾಗ ನಾಕ ದಿನ ಚೊಲೊ ಅನ್ನ ಬರತಿತ್ತಲ್ರಿ."

ನಾನು ಡಬರಿಗಳನ್ನು ಪಕ್ಕಕ್ಕೆ ಸರಿಸಿದೆ. ಸಾಂಬ್ರಾಣಿಯ ಅಂಗಡಿಯಿಂದ ಅಕ್ಕಿ, ಬೇಳೆ ತಂದೆವು. ರೋಜಾಬಾಯಿ ಒಲೆ ಹಚ್ಚಿದಳು. ಅಂದು ಮಕ್ಕಳು ಉಂಡಾಗ ಐದೂವರೆ.

ತಪ್ಪು ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಕಾರ್ಖಾನೆಯಿಂದ ಏನು ಹೊರಬೀಳಬೇಕಾದರೂ ಗೇಟ್ ಪಾಸ್ ಬೇಕು. ಅದರಲ್ಲಿ ನಾವು ಬರೆಯುತ್ತಿದ್ದುದು ಜೀಪು ಹೊರಟ ಹೊತ್ತು, ಎರಡೂವರೆ. ಒಂದೇ ತಾಸಿನ ದಾರಿ, ತಾಜಾ ಊಟ ಎಂದು ನಂಬಿದ್ದೆವು. ಅನ್ನ ಬೆಂದದ್ದು ಬೆಳಿಗ್ಗೆ ಹತ್ತಕ್ಕೆ ಎಂದು ಬರೆಯಲು ಆ ಕಾಗದದಲ್ಲಿ ಜಾಗವೇ ಇರಲಿಲ್ಲ. ಯಾರಿಗೂ ಊಟ ಕಡಿಮೆ ಬೀಳದಿರಲೆಂದು, ಕೊನೆಯ ಕಾರ್ಮಿಕ ಉಂಡೇಳುವವರೆಗೆ ಡಬರಿಗಳು ಕಾಯುತ್ತಿದ್ದವು. ಆಮೇಲೆ ಧೂಳು ಬೀಳದಂತೆ ಬಿಗಿಯಾಗಿ ಮುಚ್ಚಿ ಸಾಗಿಸುತ್ತಿದ್ದೆವು. ಒಳಗೆ ಅನ್ನ ಬೆವತು ಹಳಸುತ್ತಿತ್ತು.

ಮರುವಾರದಿಂದ ಕ್ಯಾಂಟೀನಿನ ಕೂಪನ್ನು ಕಾರ್ಮಿಕರಿಂದ ಹಿಂದಿನ ಸಂಜೆಯೇ ಪಡೆದು, ಅಷ್ಟು ಜನರಿಗೆ ಮಾತ್ರ ಅಡುಗೆ ಮಾಡಿಸಿದೆ. ಹಾಗೆ ಉಳಿದ ಅಕ್ಕಿ, ಬೇಳೆ ಬೇಯದೆಯೇ ಚೀಲದಲ್ಲಿ ಕೇರಿಗೆ ಹೋದವು. ಸರದಿಯ ಸ್ವಯಂಸೇವಕರು ಅಲ್ಲಿಯ ಹೆಂಗಸರ ಜೊತೆ ಅಡುಗೆಗೆ ನಿಂತು, ಅಲ್ಲೇ ಉಣ್ಣಬೇಕೆಂದು ನಿಯಮ ಮಾಡಿದೆ.

ಮೊದಲ ದಿನ ನಾನೇ ಹೋಗಿದ್ದೆ. ರೋಜಾಬಾಯಿ ಮಕ್ಕಳಿಗೆ ಬಡಿಸಿದಳು, ಆಮೇಲೆ ನಮಗೆ. ಕೊನೆಗೆ ತಳ ಕೆರೆದು ತನ್ನ ತಟ್ಟೆಗೆ ಹಾಕಿಕೊಂಡಳು.

ಯಾವ ಪಂಕ್ತಿಯಲ್ಲಿ ಕೂತು ನಾನು ಉಣ್ಣಲಾರೆನೋ ಅಲ್ಲಿ ಬಡಿಸುವ ಅಧಿಕಾರವೂ ನನಗಿಲ್ಲ ಎಂಬುದನ್ನು ಆ ಕೆಲಸ ಕಲಿಸಿತು. ನಾವು ಬೆನ್ನು ತಟ್ಟಿಕೊಳ್ಳುತ್ತಿದ್ದ ಅಷ್ಟೂ ದಿನ, ನಮ್ಮ ಪುಣ್ಯವನ್ನು ಆ ಮುದುಕಿ ತನ್ನ ಹೊಟ್ಟೆಯಲ್ಲಿ ಪರೀಕ್ಷೆ ಮಾಡುತ್ತಿದ್ದಳು.