ವಾಪಸ್ ಬಾರದ ಸೀರೆಗಳು

ಗಿರಿಜಕ್ಕ, ನಿಮ್ಮ ಲಾಭವನ್ನು ಬೇಕೆಂದೇ ಕಡಿಮೆ ತೋರಿಸಿದವನು ನಾನು. ಬ್ಯಾಂಕು ಅಂದು ಸಾಲ ಕೊಡದಿದ್ದುದು ಅದಕ್ಕೇ.

ರೈಲ್ವೆ ಖಲಾಸಿಯ ಮಗ ನಾನು; ನಮ್ಮ ವಂಶದಲ್ಲಿ ಡಿಗ್ರಿಯ ಮುಖ ಕಂಡ ಮೊದಲಿಗ. ಪರಿಚಯವಾದ ಐದು ನಿಮಿಷದಲ್ಲಿ ಇದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ — ನಿಮಗೂ ಹೇಳಿದ್ದೆ. ಆಡಿಟ್ ಆಫೀಸಿನಲ್ಲಿ ಅದು ನನ್ನ ಮೊದಲ ವರ್ಷ. ಸೌಕಾರ್‌ಪೇಟೆಯಿಂದ ಸೀರೆ ತಂದು ಆನ್‌ಲೈನಿನಲ್ಲಿ ಮಾರುತ್ತಿದ್ದ ನಿಮ್ಮ ಲೆಕ್ಕ ನನ್ನ ಪಾಲಿಗೆ ಬಂತು. ಆ ತಮಿಳು ಊರಿನಲ್ಲಿ ನಾನು ಕನ್ನಡದವನೆಂದು ತಿಳಿದದ್ದೇ ನಿಮಗೆ ಹಬ್ಬ!

"ಬಾರೋ ತಮ್ಮಾ, ಉಪ್ಪಿಟ್ಟು ತಿಂತೀಯಲ್ಲ?"

"ಬೇಡಕ್ಕ, ರೂಲ್ಸ್ ಇದೆ."

"ಉಪ್ಪಿಟ್ಟಿಗೂ ರೂಲ್ಸಾ? ಅಯ್ಯೋ ನಿನ್ನ ಓದಿಗಿಷ್ಟು!"

ಆಫೀಸಿನಲ್ಲಿ ಪಕ್ಕದ ಮೇಜಿನ ಸೆಲ್ವಂ ದಿನವೂ ಚುಚ್ಚುತ್ತಿದ್ದ: "ಎನ್ನಪ್ಪಾ, ಉಂಗ ಅಕ್ಕಾ ಕಣಕ್ಕಾ?" — ಏನಪ್ಪಾ, ನಿಮ್ಮಕ್ಕನ ಲೆಕ್ಕವಾ ಎಂದು. ನಮ್ಮವರೆಂದು ಲೆಕ್ಕ ಸಡಿಲ ಬಿಟ್ಟೆನೆಂದು ಯಾರಾದರೂ ಅಂದರೆ — ಆ ಭಯ ನನಗೆ.

ಆನ್‌ಲೈನ್ ವ್ಯಾಪಾರದಲ್ಲಿ ಕಳಿಸಿದ್ದೆಲ್ಲ ಮಾರಾಟವಲ್ಲ. ವಾಪಸ್ ಬರಬಹುದಾದದ್ದನ್ನು ಅಂದಾಜಿಸಿ ಕಳೆಯಬೇಕು. ನೂರಕ್ಕೆ ಎಂಟು ಸೀರೆ, ಎನ್ನುತ್ತಿತ್ತು ನಿಮ್ಮ ನೋಟ್‌ಬುಕ್ಕು. ಯಾವ ಬಣ್ಣದ್ದು, ಯಾವ ಊರಿನಿಂದ, ಏಕೆ ಮರಳಿತು — ಎಲ್ಲ ನಿಮ್ಮ ದುಂಡನೆಯ ಅಕ್ಷರದಲ್ಲಿ. ಪುಟಪುಟವನ್ನೂ ತಾಳೆ ನೋಡಿದ್ದೆ. ಎಂಟೇ ಸರಿ. ಆದರೂ ಇಪ್ಪತ್ತು ಎಂದು ಬರೆದೆ. ಸಹಿ ಹಾಕಿದ ಸಾಹೇಬರು ನನ್ನನ್ನು ನಂಬಿ, ಬಹಳ ಎಚ್ಚರದ ಹುಡುಗನೆಂದು ಬೆನ್ನೂ ತಟ್ಟಿದರು. ನಾನು ಉಬ್ಬಿಹೋದೆ! ನಮ್ಮವರ ಕಡೆ ವಾಲದಿದ್ದರೆ ಆಯಿತು, ಅದೇ ನಿಷ್ಪಕ್ಷಪಾತ ಎಂದುಕೊಂಡಿದ್ದೆ. ಅವರ ವಿರುದ್ಧ ವಾಲಿದರೂ ವಾಲಿದಂತೆಯೇ ಎಂದು — ಪುಸ್ತಕದಲ್ಲಿ ಓದಿದ್ದೆ, ಅಂಕವೂ ಬಂದಿತ್ತು.

ಆ ಸಾಲ ನಂಬಿ ನೀವು ನೋಡಿಟ್ಟಿದ್ದ ಪುರಸೈವಾಕ್ಕಂನ ಗೋಡೌನು ಕೈತಪ್ಪಿತು. ಮನೆಗೆ ಬಂದ ನೆಂಟರು ಎರಡು ವರ್ಷ ಸೀರೆ ಮೂಟೆಗಳ ಮೇಲೇ ಕುಳಿತರು. ನೀವು ಅದನ್ನೂ ನಗುತ್ತಲೇ ಕಳೆದಿರಿ. ಆದರೆ ಮೊನ್ನೆ ಮದುವೆಯಲ್ಲಿ ಸಿಕ್ಕಾಗ ಎಲ್ಲರೆದುರು ಅಂದಿರಲ್ಲ — "ನಾನ್ ಲೆಕ್ಕದಲ್ಲಿ ಪೆದ್ದಿ ಕಣೋ. ಬ್ಯಾಂಕಿನವ್ರೇ ಹೇಳಿದ್ಮೇಲೆ ಇನ್ನೇನು? ಪುಸ್ತಕ ಎಲ್ಲಾ ಯಜಮಾನ್ರ ಕೈಗ್ ಕೊಟ್ಬಿಟ್ಟೆ." ಎಲ್ಲರೂ ನಕ್ಕರು. ನಾನೂ ನಕ್ಕೆ, ಅಕ್ಕ. ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು.

ನಿನ್ನೆ ಸಾಹೇಬರಿಗೆ ಎಲ್ಲ ಹೇಳಿದೆ. ಬೈದರು, ಬೈಯಬೇಕಾದದ್ದೇ. ಭಾನುವಾರ ನಿಮ್ಮಲ್ಲಿಗೆ ಬರುತ್ತೇನೆ. ಯಜಮಾನರೂ ಇರಲಿ, ಅಂದು ನಕ್ಕವರಲ್ಲಿ ಯಾರು ಬಂದರೂ ಸರಿ. ಅವರೆದುರೇ ಹೇಳುತ್ತೇನೆ — ಲೆಕ್ಕ ಸರಿಯಾಗಿ ಇಟ್ಟಿದ್ದು ನೀವು, ಕೆಡಿಸಿದ್ದು ಓದಿದವನು.