ನಸೀಮಾಪಾ ಬಿಟ್ಟುಕೊಟ್ಟ ಒಂದು ಸಾಲು

ನಸೀಮಾಪಾ ಎಲ್ಲಿಗೆ ಹೋದರೂ ಮೊದಲು ಕೂರಲು ಜಾಗ ಹುಡುಕುತ್ತಿದ್ದರು. ತಹಸೀಲ್ ಕಚೇರಿಯಿರಲಿ, ರೇಷನ್ ಅಂಗಡಿಯಿರಲಿ, ಕುರ್ಚಿ ಎಳೆದುಕೊಂಡು, ಬುರ್ಖಾ ಸರಿಪಡಿಸಿಕೊಂಡು, ಆಮೇಲೆಯೇ ಮಾತು. “ನಿಂತು ಕೇಳಿದರ ‘ನಾಳಿ ಬಾ’ ಅಂತಾರ. ಕುಂತೆ ಅಂದ್ರ ಅವರಿಗೇ ಅವಸರ ಆಗ್ತದ,” ಎನ್ನುತ್ತಿದ್ದರು. ಭಾಲ್ಕಿಯಲ್ಲಿ ನಮ್ಮ ಪಕ್ಕದ ಮನೆ ಅವರದು; ಓಣಿಗೆಲ್ಲ ಅವರು ‘ಆಪಾ’, ಅಕ್ಕ. ಬಜಾರಿನಲ್ಲಿ ಬಳೆ ಅಂಗಡಿ. ಎಂಥ ಗಟ್ಟಿ ಕೈಗೂ ಮಾತಾಡಿಸುತ್ತಲೇ ಬಳೆ ಏರಿಸಿಬಿಡುವ ಹೆಂಗಸು. ಬಾಯಿ ಮಾತ್ರ ಅಬ್ಬಬ್ಬಾ! ಒಂದು ಕಟ್ಟು ಕೊತ್ತಂಬರಿಯನ್ನೂ ಚೌಕಾಸಿ ಮಾಡದೆ ಕೊಂಡವರಲ್ಲ. ಅವರ ಜೊತೆ ಸಂತೆಗೆ ಹೋಗಲು ನನಗೆ ನಾಚಿಕೆಯಾಗುತ್ತಿತ್ತು.

ಅಪ್ಪ ತೀರಿಕೊಂಡದ್ದು ಬೀದರಿನಲ್ಲಿ. ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆಗೆಂದು ಬೆಳಿಗ್ಗೆ ಏನೂ ತಿನ್ನದೆ ಬಸ್ಸು ಹತ್ತಿದ್ದರು. ಬಸ್ ನಿಲ್ದಾಣದಿಂದ ಹೊರಬರುತ್ತಲೇ ಕುಸಿದರಂತೆ. ಯಾರೋ ಪುಣ್ಯಾತ್ಮರು ಆಟೋದಲ್ಲಿ ಹಾಕಿಕೊಂಡು ಹತ್ತಿರದ ಖಾಸಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಸೇರಿಸಿದರು. ನಾವು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೈಲಿದ್ದಷ್ಟು ಕಟ್ಟಿ ಅಪ್ಪನನ್ನು ಮನೆಗೆ ತಂದೆವು.

ಅವ್ವ ಅಳಲಿಲ್ಲ, ಉಣ್ಣುವುದನ್ನು ಬಿಟ್ಟಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನಸೀಮಾಪಾ ದಿನಾ ಜೋಳದ ರೊಟ್ಟಿ, ಬೇಳೆ ತಂದು ಅವಳ ಎದುರಿಗೆ ಇಡುತ್ತಿದ್ದರು. ಅವ್ವ ತಟ್ಟೆ ದೂಡುತ್ತಿದ್ದಳು. “ಅವರು ಖಾಲಿ ಹೊಟ್ಟಿಲೆ ಹ್ವಾದ್ರು ಆಪಾ. ನನ್ನ ಗಂಟಲದಾಗ ಹ್ಯಾಂಗ ಇಳೀತದ?” ಬಲವಂತ ಮಾಡಿದರೆ ತುತ್ತು ಬಾಯಿಯವರೆಗೆ ಬಂದು ವಾಪಸು ಹೋಗುತ್ತಿತ್ತು. ದಿನದಿನಕ್ಕೆ ಕಡ್ಡಿಯಾಗುತ್ತ ಹೋದಳು. ಅಪ್ಪನ ಹಿಂದೆಯೇ ಇವಳೂ ಹೋಗಿಬಿಡುತ್ತಾಳೆಂದು ನನಗೆ ಜೀವ ಹಾರಿಹೋಗುತ್ತಿತ್ತು.

ಅಷ್ಟರಲ್ಲಿ ಬಾಕಿ ಕಟ್ಟಿರೆಂದು ಆಸ್ಪತ್ರೆಯಿಂದ ಫೋನು. ಕಟ್ಟಿ ಕೈತೊಳೆದುಕೊಳ್ಳೋಣವೆಂದೆ. ನಸೀಮಾಪಾ ಸಿಡಿದರು: “ಯಾಕ ಕೊಡ್ತಿ? ಯಾವುದಕ್ಕ ಎಷ್ಟು ಅಂತ ಬರಸ್ಕೊ ಮೊದಲ. ನಡಿ, ನಾ ಬರ್ತೇನಿ.” ಅವ್ವನೂ ಹಟ ಹಿಡಿದು ಹೊರಟಳು, ಅಪ್ಪ ಮಲಗಿದ್ದ ಜಾಗ ನೋಡಬೇಕಂತೆ.

ಬಿಲ್ ಕೌಂಟರಿನ ಗುಮಾಸ್ತ ಒಟ್ಟು ಮೊತ್ತವನ್ನಷ್ಟೇ ತೋರಿಸಿದ. ನಸೀಮಾಪಾ ಸ್ಟೂಲು ತರಿಸಿ ಕೂತರು; ವಿವರದ ಬಿಲ್ಲು ಬರುವವರೆಗೆ ಏಳಲಿಲ್ಲ. ಬಂದ ಮೇಲೆ ನಾನು ಒಂದೊಂದೇ ಸಾಲು ಓದಬೇಕು, ಅವರು ಜಗಳ ತೆಗೆಯಬೇಕು. ಇಸಿಜಿ ಎರಡು ಸಲ ಬಿದ್ದಿತ್ತು. “ಎರಡನೇ ಕಾಗದ ತೋರಸ್ರಿ, ರೊಕ್ಕ ಕೊಡ್ತೇವಿ.” ಕಾಗದ ಒಂದೇ ಇತ್ತು, ಒಂದನ್ನು ಹೊಡೆದುಹಾಕಿದ. ಕೈಗವಸು ಪೂರ್ತಿ ಒಂದು ಡಬ್ಬಿ. “ಯಾ ಅಲ್ಲಾ! ನಿಮ್ಮ ಡಾಕ್ಟರಿಗೆ ಎಷ್ಟು ಕೈ ಅವರಿ?” ಹಿಂದೆ ನಿಂತವರು ನಕ್ಕರು. ಅದೂ ಇಳಿಯಿತು. ಅದೇ ಜೋರಿನಲ್ಲಿ, ಕೈಗೆ ಚುಚ್ಚಿ ಸಲೈನ್ ಬಿಟ್ಟದ್ದೂ ಸುಳ್ಳೆಂದು ಮೇಜು ಗುದ್ದಿದರು. “ಇಲ್ಲ ಆಪಾ, ಅಪ್ಪನ ಕೈಮ್ಯಾಲಿನ ಪಟ್ಟಿ ನಾನೇ ಬಿಚ್ಚೀನಿ,” ಎಂದೆ. ಅವರ ಮುಖ ಸಪ್ಪಗಾಯಿತು. “ಮಾಫ್ ಮಾಡ್ರಿ ಸಾಹೇಬ್ರ, ಅದು ಇರಲಿ,” ಎಂದರು.

ಕೊನೆಗೆ ‘ಡಯಟ್’ ಎಂದು ಒಂದು ಸಾಲು, ಊಟದ ಲೆಕ್ಕ.

“ಮೈಮ್ಯಾಲೆ ಹೋಶ್ ಇಲ್ಲದವರು ಏನು ತಿಂದಾರ್ರಿ?” ಎಂದರು ನಸೀಮಾಪಾ.

“ಬೆಡ್ ಕೊಟ್ಟರ ತಾನಾಗೇ ಬೀಳ್ತದರಿ ಅದು. ತೆಗೀತೇನಿ ತಗೋರಿ. ಹಾಲು, ಬ್ರೆಡ್ಡಿಂದು,” ಎನ್ನುತ್ತ ಗುಮಾಸ್ತ ಪೆನ್ನೆತ್ತಿದ.

ಅಪ್ಪ ಮಲಗಿದ್ದ ಮಂಚ ನೋಡಲು ಒಳಗೆ ಹೋಗಿದ್ದ ಅವ್ವ ಆಗಷ್ಟೇ ವಾಪಸು ಬಂದಿದ್ದಳು. ಅವಳ ಕಿವಿಗೆ ಬಿದ್ದದ್ದು ಕೊನೆಯ ಮಾತಷ್ಟೇ. “ಹಾಲಾ? ಅವರಿಗೆ ಹಾಲು ಕೊಟ್ಟಿದ್ರೇನ್ರಿ?”

ಗುಮಾಸ್ತ ನನ್ನ ಮುಖ ನೋಡಿದ. ನಸೀಮಾಪಾ ಬಿಲ್ಲಿನ ಮೇಲೆ ಅಂಗೈ ಇಟ್ಟುಬಿಟ್ಟರು. “ಕೊಟ್ಟಾರ ಸುಶೀಲಾಬಾಯಿ. ಬರದದ ನೋಡ್ರಿ ಇಲ್ಲಿ. ಅರ್ಧ ಗ್ಲಾಸ್ ಕುಡದಾರಂತ.” ಆಮೇಲೆ ಅವನ ಕಡೆ ತಿರುಗಿ, “ಇದನ್ನ ತೆಗೀಬ್ಯಾಡ್ರಿ. ಇದು ಸರಿ ಅದ,” ಎಂದರು.

ಅವ್ವ ಅಲ್ಲೇ ನೆಲದ ಮೇಲೆ ಕೂತು, ಮೊದಲ ಸಲ ಬಾಯಿಬಿಟ್ಟು ಅತ್ತಳು. ಬಸ್ ನಿಲ್ದಾಣದಲ್ಲಿ ತಾನಾಗಿ ಚಹಾ ಕೇಳಿದಳು, ಬಿಸ್ಕೀಟು ಅದ್ದಿಕೊಂಡು ತಿಂದಳು. ನಸೀಮಾಪಾ ಭಾಲ್ಕಿ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು. ಮನೆಯ ಬಾಗಿಲಲ್ಲಿ ನನ್ನನ್ನು ತಡೆದು, “ಸುಳ್ಳು ಹೇಳೀನಿ ಬೇಟಿ. ನೀ ಎಂದೂ ಬಾಯಿ ಬಿಡಬ್ಯಾಡ,” ಎಂದರು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು.

ಆ ಹಾಲಿನ ಮಾತನ್ನು ಅವ್ವ ಬಂದವರಿಗೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಹಾಲು ಬೆಚ್ಚಗಾಯಿತು, ಸಕ್ಕರೆಯನ್ನೂ ಹಾಕಿರಲಿಲ್ಲವಂತೆ. ಪಕ್ಕದಲ್ಲಿ ನಸೀಮಾಪಾ ಇದ್ದರೆ, “ಹೌದ್ರಿ, ಸಕ್ಕರಿ ಬ್ಯಾಡ ಅಂತ ಡಾಕ್ಟರೇ ಹೇಳಿದ್ರಂತ,” ಎಂದು ತಲೆಯಾಡಿಸುತ್ತಿದ್ದರು.

ಹೋದ ಚಳಿಗಾಲದಲ್ಲಿ ನಸೀಮಾಪಾ ತೀರಿಕೊಂಡರು. ಹಾಸಿಗೆ ಹಿಡಿದ ಮೇಲೆ ಮಗಳು ಔರಾದಿನ ತನ್ನ ಮನೆಗೆ ಕರೆದೊಯ್ದಿದ್ದಳು. ಸುದ್ದಿ ಬಂದೊಡನೆ ಅವ್ವನನ್ನು ಕರೆದುಕೊಂಡು ಹೋದೆ. ಬಾಗಿಲಲ್ಲೇ ಮಗಳು ನನ್ನನ್ನು ತಬ್ಬಿಕೊಂಡು ಕಿವಿಯಲ್ಲಿ ಅಳುತ್ತ ಪಿಸುಗುಟ್ಟಿದಳು: “ಕಡೀಕ ಒಂದು ಚಮಚಾ ನೀರೂ ಇಳೀಲಿಲ್ಲ ಅಕ್ಕಾ.”

ಒಳಗೆ ಹೆಂಗಸರ ನಡುವೆ ನಸೀಮಾಪಾ ಬಿಳಿ ಬಟ್ಟೆಯಲ್ಲಿ ಮಲಗಿದ್ದರು. ಅವ್ವ ಅವರ ಪಾದದ ಬಳಿ ಕೂತಳು. ಆಮೇಲೆ ತಲೆಯೆತ್ತಿ ಕೇಳಿದಳು: “ಆಪಾ ಹೋಗೋ ಮುಂದ ಏನರೆ ಕುಡದಿದ್ರೇನು?”

ಮಗಳು ಓಢಣಿಯನ್ನು ಬಾಯಿಗೆ ಒತ್ತಿಕೊಂಡಳು.

“ಕುಡದಾರವ್ವಾ,” ಎಂದೆ ನಾನು. “ಹಾಲು. ಅರ್ಧ ಗ್ಲಾಸ್.”