ವಿಮಾನದ ಪರೀಕ್ಷೆ ಮತ್ತು ನನ್ನ ಎಡಗಾಲು

ನನ್ನ ತಮ್ಮ ಜೇವರ್ಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ. ಜೀವಮಾನದಲ್ಲಿ ವಿಮಾನ ಹತ್ತಿದವನಲ್ಲ. ಆದರೆ ವಿಮಾನದ ಬಗ್ಗೆ ಅವನು ಮಾತಾಡಲು ನಿಂತರೆ ಅದನ್ನು ಮಾಡಿದವರೂ ಕೈಕಟ್ಟಿ ಕೇಳಬೇಕು, ಹಾಗಿರುತ್ತದೆ ಗತ್ತು. ಸಂಜೆಯಾದರೆ ಮಾಳಿಗೆ ಹತ್ತುತ್ತಾನೆ. ಮೇಲೆ ಬಿಳಿ ಗೆರೆ ಎಳೆದುಕೊಂಡು ಹೋಗುವ ವಿಮಾನಕ್ಕೆ ಫೋನು ಹಿಡಿದು, ಅದು ಯಾವ ಮಾದರಿ, ಎಲ್ಲಿಂದ ಎಲ್ಲಿಗೆ ಹೊರಟಿದೆ ಎಂದು ಕೆಳಗೆ ರೊಟ್ಟಿ ಬಡಿಯುತ್ತಿರುವ ಹೆಂಡತಿಗೆ ಕೂಗಿ ಹೇಳುತ್ತಾನೆ. ಆಕೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ "ಹೌದಾ?" ಅಂದವಳಲ್ಲ.

ನಾವಿಬ್ಬರೂ ಹುಟ್ಟಿದ್ದು ಆಳಂದದಲ್ಲಿ. ನಾನು ಮದುವೆಯಾಗಿ ಅಫಜಲಪುರಕ್ಕೆ ಬಂದು, ಅಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ರಿಟೈರಾದೆ. ನಮ್ಮ ಟೀಚರು ಬೈಯುವಾಗಲೂ ವ್ಯಾಕರಣ ತಪ್ಪುವುದಿಲ್ಲ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಈಗಲೂ ಹೇಳುತ್ತಾರೆ.

ನನ್ನ ಒಬ್ಬಳೇ ಮಗಳು ಇಂಗ್ಲೆಂಡಿನಲ್ಲಿ ಮಣ್ಣಿನ ಬಗ್ಗೆ ಪಿಎಚ್‌ಡಿ ಮುಗಿಸಿದಳು. ಅದೂ ನಮ್ಮ ಎರೆಮಣ್ಣಿನ ಬಗ್ಗೆ. ಅದನ್ನು ತಿಳಿಯಲು ಅಷ್ಟು ದೂರ ಯಾಕೆ ಹೋಗಬೇಕಿತ್ತು, ಕಬ್ಬಿನ ಗದ್ದೆಯಲ್ಲಿ ಒಂದು ಸಲ ಜಾರಿ ಬಿದ್ದಿದ್ದರೆ ಸಾಕಿತ್ತಲ್ಲ ಎಂದರು ನಮ್ಮ ಮನೆಯವರು. ಅವಳು ಪದವಿ ತೆಗೆದುಕೊಳ್ಳುವಾಗ ಆ ಸಭೆಯಲ್ಲಿ ನಾನು ಕೂತಿರಬೇಕು, ಇಷ್ಟೇ ನನ್ನ ಆಸೆ. ಅಡ್ಡ ಬಂದದ್ದು ನನ್ನ ಎಡಗಾಲು. ಹಿಂದೊಮ್ಮೆ ಹೊಟ್ಟೆಯ ಆಪರೇಷನ್ ಆಗಿ ಮಲಗಿದ್ದಾಗ ಆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ನಾನು ಬದುಕಿದ್ದೇ ಹೆಚ್ಚಾಗಿತ್ತು. ಆಗ ಆಸ್ಪತ್ರೆಯಲ್ಲಿ ನನ್ನ ಕಾಲು ಹಿಡಿದುಕೊಂಡು ಕೂತವಳು ಇದೇ ಮಗಳು.

"ಹೋಗ್ರಿ, ಬ್ಯಾಡ ಅನ್ನಂಗಿಲ್ಲ," ಎಂದರು ಕಲಬುರಗಿಯ ಡಾಕ್ಟರು, ಬಿಗಿ ಕಾಲುಚೀಲ ಬರೆದುಕೊಡುತ್ತ. "ಆದ್ರ ಕಾಲ್ ಇಳಿಬಿಟ್ಟು ಒಂದೇ ಕಡಿ ಕುಂದರಬ್ಯಾಡ್ರಿ. ಆಗಾಗ ಎದ್ದು ಅಡ್ಡಾಡ್ರಿ. ಕಾಲ್ ಬಾತರ ಮಾತ್ರ ಹುಷಾರ್."

ಮಗಳು ಫೋನಿನಲ್ಲಿ, "ನೀ ಬರಬ್ಯಾಡ ಅವ್ವಾ. ಸರ್ಟಿಫಿಕೇಟು ಮನಿಗೇ ಕಳಸ್ತಾರ," ಎಂದಳು.

"ನಾ ಸರ್ಟಿಫಿಕೇಟ್ ನೋಡಾಕ ಬರಾಕತ್ತಿಲ್ಲ ಬೇ, ನಿನ್ನ ನೋಡಾಕ ಬರಾಕತ್ತೇನಿ," ಎಂದು ಫೋನಿಟ್ಟೆ.

ವಿಷಯ ತಿಳಿದದ್ದೇ ತಡ, ತಮ್ಮ ಜೇವರ್ಗಿಯಿಂದ ಬಸ್ಸು ಹಿಡಿದು ಬಂದ. ಅವನ ಮುಖದಲ್ಲಿ ಅಂಥ ಕಳೆ ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ. ಚಹಾ ಕುಡಿಯುವ ಮೊದಲೇ ಪಾಠ ಶುರು. ನಾಲ್ಕು ಎಂಜಿನ್ನಿನ ಎರಡಂತಸ್ತಿನ ವಿಮಾನವೊಂದಿದೆಯಂತೆ. ಕೂತವರಿಗೆ ಸ್ವರ್ಗ, ಸದ್ದಿಲ್ಲ, ಜಾಗ ಬೇಕಾದಷ್ಟು. ಆದರೆ ಎಣ್ಣೆ ಕುಡಿಯುವುದರಲ್ಲಿ ಅದು ಮದುವೆ ಮನೆಯ ಬೀಗರಿದ್ದ ಹಾಗೆ, ಸೀಟು ತುಂಬದಿದ್ದರೆ ಕಂಪನಿಗೆ ನಷ್ಟ. ಅದಕ್ಕೇ ಒಂದೊಂದಾಗಿ ಮೂಲೆಗೆ ಹಾಕುತ್ತಿದ್ದಾರಂತೆ. ಎರಡೇ ಎಂಜಿನ್ನಿನ ಹಳೆಯ ದೊಡ್ಡ ವಿಮಾನದಲ್ಲಿ ಸಾಲಿಗೆ ಹತ್ತು ಜನರನ್ನು ತುರುಕುತ್ತಾರೆ. ಕಂಪನಿಗೆ ಲಾಭ, ಕೂತವರ ಮೊಣಕೈಗೆ ಜಗಳ.

"ಹಂಗಾದ್ರ ಎಲ್ಲಕ್ಕಿಂತ ಲಾಭದ್ದು ನಿಮ್ಮ ಜೇವರ್ಗಿ ಟಂಟಂ ಆಟೋ ಬಿಡು," ಎಂದೆ. "ತುಂಬೂತನ ಬಿಡಂಗೇ ಇಲ್ಲ. ಡ್ರೈವರನ ತೊಡೀ ಮ್ಯಾಲೂ ಒಬ್ಬ ಕುಂತಿರ್ತಾನ."

"ಯಕ್ಕಾ, ಜರಾ ಸೀರಿಯಸ್ ಆಗು," ಎಂದು ತಮ್ಮ ಮೂರನೆಯದಕ್ಕೆ ಬಂದ. ಇದು ಹೊಸದು. ಮೈಯೆಲ್ಲ ಲೋಹವಲ್ಲ, ಕಾರ್ಬನ್ ನಾರಿನದು. ಹಗುರ, ಹಾಗಾಗಿ ಎಣ್ಣೆ ಕಡಿಮೆ. ತುಕ್ಕಿನ ಭಯವಿಲ್ಲದ್ದರಿಂದ ಒಳಗಿನ ಗಾಳಿಯಲ್ಲಿ ತುಸು ಹೆಚ್ಚು ತೇವ ಇಡಬಹುದು. ಗಾಳಿಯ ಒತ್ತಡವೂ ಉಳಿದ ವಿಮಾನಗಳಿಗಿಂತ ನೆಲದ ಒತ್ತಡಕ್ಕೆ ಹತ್ತಿರ. ತಲೆನೋವು ಕಡಿಮೆ, ಗಂಟಲು ಒಣಗುವುದಿಲ್ಲ. ಸಾಲಿಗೆ ಒಂಬತ್ತು ಸೀಟು, ಮೂರು ಮೂರು ಮೂರು. ಎಲ್ಲ ಸರಿ, ಆದರೆ ಆ ಸೀಟಿನಲ್ಲಿ ಅಕ್ಕನ ಕಾಲು ತಡೆದೀತೇ? ಅವನಿಗೆ ಇದೊಂದೇ ಅನುಮಾನ. ವಿಜ್ಞಾನದ ಮನುಷ್ಯನಿಗೆ ಅನುಮಾನ ಬಂದರೆ ಅಂಗಳ ಹಾಳು.

ಮರುದಿನ ಶಾಮಿಯಾನದ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ನಮ್ಮ ಅಂಗಳದಲ್ಲಿ ಸಾಲಾಗಿ ಇಟ್ಟು, ಟೇಪು ಹಿಡಿದು ಅಳೆದು, ಒಂದಕ್ಕೊಂದು ಹಗ್ಗದಿಂದ ಕಟ್ಟಿದ. ಮುಂದಿನ ಸಾಲನ್ನು ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದ. ಪ್ರಯಾಣಿಕರ ಕೊರತೆಯೇನೂ ಆಗಲಿಲ್ಲ. ನಮ್ಮ ಓಣಿಯಲ್ಲಿ ಪುಕ್ಕಟೆ ಕೂರಲು ಯಾವಾಗಲೂ ಜನ ಸಿಗುತ್ತಾರೆ. ಬೆಳಿಗ್ಗೆ ಕೂತೆವು, ಸಂಜೆಯವರೆಗೆ ಕೂತೆವು. ನಮ್ಮ ಮನೆಯವರು ಗದ್ದೆಯಿಂದ ಬಂದವರು ನೋಡಿ, "ಎಲ್ಲೀತನ ಬಂದಾದ್ರಿ?" ಎಂದು ಕೇಳಿ ಕಾಲು ತೊಳೆಯಲು ಹೋದರು. ಸಂಜೆ ತಮ್ಮ ನನ್ನ ಕಾಲಿಗೆ ದರ್ಜಿಯ ಟೇಪು ಸುತ್ತಿದ. ಬೆಳಿಗ್ಗೆ ಇದ್ದಷ್ಟೇ ಇತ್ತು.

"ಬರೋಬ್ಬರಿ! ಈ ವಿಮಾನ ಪಾಸ್," ಎಂದು ಕೂಗಿದ. ಆ ಖುಷಿಯಲ್ಲೇ ಅದೇ ಮಾದರಿಯ ವಿಮಾನಕ್ಕೆ ಟಿಕೆಟ್ ಮಾಡಿಸಿದ. ದಾರಿಯ ಪಕ್ಕದ ಸೀಟು ಬೇಕಿಲ್ಲ, ಕಾಲು ಹೇಗೂ ಗಟ್ಟಿಯಿದೆ, ಅಕ್ಕ ಮೊದಲ ಸಲ ಹಾರುತ್ತಿದ್ದಾಳೆ, ಮೋಡ ನೋಡಲಿ ಎಂದು ಕಿಟಕಿಯದೇ ಹಿಡಿದ.

ಹೈದರಾಬಾದಿನಿಂದ ಒಬ್ಬಳೇ ಹೊರಟೆ. ತಮ್ಮ ಹೇಳಿದ್ದು ಸುಳ್ಳಲ್ಲ. ಗಂಟಲು ಒಣಗಲಿಲ್ಲ, ತಲೆ ಹಿಡಿಯಲಿಲ್ಲ, ಕಿಟಕಿಯಂತೂ ನಮ್ಮ ದೇವರ ಮನೆಯ ಬಾಗಿಲಿಗಿಂತ ಸ್ವಲ್ಪ ಚಿಕ್ಕದು, ಅಷ್ಟೇ. ಪಕ್ಕದಲ್ಲಿ ಒಬ್ಬ ತರುಣ, ಅವನ ಆಚೆ, ದಾರಿಯ ಪಕ್ಕ, ಸೂಟು ತೊಟ್ಟ ಭಾರೀ ಮನುಷ್ಯ. ಊಟ ಮುಗಿದದ್ದೇ ಇಬ್ಬರೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿಬಿಟ್ಟರು. ಮಲಗಿದವರನ್ನು ಎಬ್ಬಿಸಬಾರದು, ಕೂತವರ ಕಾಲು ದಾಟಬಾರದು. ಇಷ್ಟು ಕಲಿತೇ ನಾನು ಬೆಳೆದವಳು. ಹಾಗಾಗಿ ಕೂತೇ ಇದ್ದೆ. ಕಾಲು ಮೆಲ್ಲಗೆ ಭಾರವಾಗತೊಡಗಿತು.

ಅಂಗಳದಲ್ಲಿ ಆಗದ್ದು ಇಲ್ಲಿ ಯಾಕೆ ಆಗುತ್ತಿದೆ ಎಂದು ಯೋಚಿಸುತ್ತಿದ್ದಾಗ ತಲೆಗೆ ಹೊಳೆಯಿತು. ಆ ದಿನ ನಮ್ಮ ಅಂಗಳಕ್ಕೆ ಎಷ್ಟು ಹಿರಿಯರು ಬಂದಿದ್ದರು! ವಿಮಾನ ನೋಡಲೆಂದು ನನ್ನ ಅತ್ತೆಯ ತಂಗಿ ಬಂದರು, ಹಳೆಯ ಹೆಡ್‌ಮಾಸ್ಟರು ಬಂದರು, ಗಾಣಗಾಪುರದಿಂದ ಬರುತ್ತಿದ್ದ ನೆಂಟರು ಹಾದಿ ಬಿಟ್ಟು ಬಂದರು. ಹಿರಿಯರು ಬಂದರೆ ಕೂತಿರಲು ನಾವೇನು ಮೃಗಗಳೇ? ಪ್ರತಿ ಸಲವೂ ಇಡೀ ಸಾಲು ಎದ್ದು ನಿಂತು "ಬರ್ರಿ, ಬರ್ರಿ" ಎನ್ನುತ್ತಿತ್ತು. ನಾಕು ಹೆಜ್ಜೆ ಮುಂದೆ ಹೋಗಿ ನೀರು ಕೊಡುತ್ತಿದ್ದೆ, ಬಾಗಿಲತನಕ ಹೋಗಿ ಕಳಿಸುತ್ತಿದ್ದೆ. ಪಾಸಾದದ್ದು ವಿಮಾನವಲ್ಲ, ನಮ್ಮ ಓಣಿಯ ಮುದುಕರು. ಜೇವರ್ಗಿಯ ವಿಜ್ಞಾನಿ ಇದೊಂದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆಕಾಶದಲ್ಲಿ ನನ್ನ ಮನೆಗೆ ಯಾರು ಬರುತ್ತಾರೆ?

ಹೆದರಿಕೆಯಾಯಿತು. ಸುಳ್ಳೇಕೆ, ಬಹಳ ಹೆದರಿದೆ. ಇಳಿದಾಗ ಮಗಳ ಎದುರು ಬಾತ ಕಾಲು ಎಳೆದುಕೊಂಡು ನಿಂತರೆ, ಅವಳು ಸಭೆ ಬಿಟ್ಟು ಮತ್ತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂರಬೇಕು.

ಕಾಲ ಬಳಿ ಚೀಲವಿತ್ತು. ಅದರಲ್ಲಿ ಖಡಕ್ ರೊಟ್ಟಿ, ಬೆಳ್ಳುಳ್ಳಿ ಜಾಸ್ತಿ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಅಂದರೆ ನಮ್ಮ ಕಡೆಯ ಚಟ್ನಿಪುಡಿ. ಡಬ್ಬಿಯ ಮುಚ್ಚಳ ತೆಗೆದೆ, ಅಷ್ಟೇ. ತೇವದ ಗಾಳಿಯಲ್ಲಿ ವಾಸನೆ ಚೆನ್ನಾಗಿ ಹಬ್ಬುತ್ತದೆ ಎಂಬುದನ್ನು ತಮ್ಮನ ಪಾಠದಲ್ಲಿ ಸೇರಿಸಬಹುದು. ಭಾರೀ ಮನುಷ್ಯ ಮೊದಲು ಸೀನಿದ, ಆಮೇಲೆ ಪಟ್ಟಿ ತೆಗೆದ, ಆಮೇಲೆ ಎದ್ದು ಮುಖ ತೊಳೆಯಲು ಹೋದ. ತರುಣ ಮೂಗು ಅರಳಿಸಿ, "ಆಂಟಿ, ಯೇ ಕ್ಯಾ ಹೈ?" ಎಂದು ಕೇಳಿದ.

"ಶೇಂಗಾ ಹಿಂಡಿ ಹೈ ಬೇಟಾ. ಖಾತೇ ಕ್ಯಾ?" ಎಂದೆ.

ಅವನಿಗೊಂದು ರೊಟ್ಟಿ ಕೊಟ್ಟು, ಜಾಗ ಬಿಡಿಸಿಕೊಂಡು ಹೊರಬಿದ್ದೆ. ಹಿಂದಿನ ಅಡುಗೆಮನೆಯಂಥ ಮೂಲೆಯವರೆಗೆ ನಡೆದೆ, ತಿರುಗಿ ಬಂದೆ, ಮತ್ತೆ ನಡೆದೆ. ಗಗನಸಖಿ ಏನಾದರೂ ಬೇಕೇ ಎಂದು ಕೇಳಿದಳು. ಏನೂ ಬೇಡವೆಂದು ಅವಳಿಗೂ ರೊಟ್ಟಿ ಕೊಟ್ಟೆ. ಆಮೇಲೆ ಆ ತರುಣ ನಿದ್ದೆಯ ಸುದ್ದಿಗೇ ಹೋಗಲಿಲ್ಲ, ನಾನು ಕದಲಿದರೆ ಸಾಕು ಎದ್ದು ನಿಲ್ಲುತ್ತಿದ್ದ. ಭಾರೀ ಮನುಷ್ಯನಂತೂ ದೂರದ ಖಾಲಿ ಸೀಟು ಹುಡುಕಿಕೊಂಡು ಹೋಗಿದ್ದ.

ಇಳಿದು ಬಂದಾಗ ಹೊರಗೆ ಮಗಳು ಗಾಲಿಕುರ್ಚಿ ಹಿಡಿದು ನಿಂತಿದ್ದಳು. ಬೈಯಲು ಬಾಯಿ ತೆರೆದೆ. ಅವಳು ನನ್ನ ಮುಖ ನೋಡಲೇ ಇಲ್ಲ. ಅಷ್ಟು ಜನರ ನಡುವೆ ನೆಲಕ್ಕೆ ಕೂತು, ಸೀರೆ ತುಸು ಎತ್ತಿ, ಕಾಲುಚೀಲ ಸರಿಸಿ, ಎಡಗಾಲಿನ ಹರಡನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದು, ಗುಳಿ ಬಿದ್ದಿದೆಯೇ ಎಂದು ನೋಡಿದಳು. ಮತ್ತೊಮ್ಮೆ ಒತ್ತಿದಳು. ಬಾವು ಇರಲಿಲ್ಲ. ಆಮೇಲೆ ಅಲ್ಲೇ ಕೂತುಕೊಂಡು ಫೋನು ತೆಗೆದು ಇಂಗ್ಲಿಷಿನಲ್ಲಿ ಯಾರ ಜೊತೆಗೋ ಅವಸರವಾಗಿ ಮಾತಾಡಿದಳು.

"ಯಾರಿಗೆ ಬೇ?" ಎಂದೆ.

"ಪದವಿ ಸಭಾಕ್ಕ ಹಾಕ್ಕೊಳ್ಳೋ ಗೌನ್ ಬಾಡಿಗಿ ಕೊಡವರಿಗೆ. ಇನ್ನೂ ಹೇಳಿರ್ಲಿಲ್ಲ."

"ನಾಡದು ಸಭಾ, ಇನ್ನೂ ಹೇಳಿಲ್ಲ? ನಾ ಅಲ್ಲಿಂದ ಇಲ್ಲೀತನ ಬಂದೇನಿ!"

"ನಿನ್ನ ಕಾಲ್ ನೋಡೂತನ ಹ್ಯಾಂಗ ಹೇಳ್ಲಿ, ಅವ್ವಾ?"

ಆ ಗಾಲಿಕುರ್ಚಿಯಲ್ಲಿ ನನ್ನ ಚೀಲ ಕೂರಿಸಿ, ಅವಳ ಕೈ ಹಿಡಿದು ನಡೆದೆ.